ಒರೆಸಿದ ಎರಡು ಸಾಲು

ಗೋಡೆಯ ಆಚೆ ಯಾರೋ ಯಾರಿಗೋ ಹೊಡೆಯುತ್ತಿದ್ದರು. ಯಾರೋ ಅನ್ನುವುದೇನು ಬಂತು, ಏಟು ತಿನ್ನುತ್ತಿದ್ದವನು ತನ್ನ ತಮ್ಮನೇ ಎಂದು, ವಾದ್ಯವೃಂದದ ಸಂಗೀತದ ಹಾಳೆಗಳನ್ನೆಲ್ಲ ಕಾಯುವ ಕಾಗದದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಾಗಲೂ ಅವನು ಹೀಗೆಯೇ, ಬಾಯಿ ಬಿಟ್ಟು ಅಳದೆ ಮೂಗಿನಲ್ಲೇ ನರಳುತ್ತಿದ್ದ.

"ಅದನ್ನ ಕೇಳಿಸ್ಕೋಬೇಡಿ," ಎಂದರು ಇನ್ಸ್‌ಪೆಕ್ಟರು, ಪಕ್ಕದ ಮನೆಯ ರೇಡಿಯೋ ಬಗ್ಗೆ ಹೇಳುವ ಹಾಗೆ. "ಇದನ್ನ ನೋಡಿ."

ಮೇಜಿನ ಮೇಲೆ ಧೊಪ್ಪೆಂದು ಬಿದ್ದದ್ದು ನುಡಿಸುವ ಸ್ವರಗಳನ್ನು ಬರೆದ ದಪ್ಪನೆಯ ನೊಟೇಶನ್ ಪುಸ್ತಕ. ಒಣಗಿದ ರಕ್ತದಿಂದ ಅಂಚೆಲ್ಲ ಕಂದುಗಟ್ಟಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಮೂರು ದಿನದ ಹಿಂದೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ವಾದ್ಯವೃಂದದ ನಿರ್ದೇಶಕರಾದ ದೊಡ್ಡ ಮೇಷ್ಟ್ರ ತಲೆಯನ್ನು ಅವರ ಕೋಣೆಯಲ್ಲೇ ಯಾರೋ ಕಬ್ಬಿಣದ ನೊಟೇಶನ್ ಸ್ಟ್ಯಾಂಡಿನಿಂದ ಒಡೆದು ಹಾಕಿದ್ದರು. ಹೆಣದ ಪಕ್ಕ ರಕ್ತ ಮೆತ್ತಿಕೊಂಡು ಕೂತಿದ್ದ ನಗಾರಿಯವನನ್ನು, ಅಂದರೆ ಕಾಗದದಕ್ಕನ ತಮ್ಮನನ್ನು, ಪೊಲೀಸರು ಎಳೆದುಕೊಂಡು ಬಂದಿದ್ದರು.

"ಮೊದಲು ರಿಜಿಸ್ಟರು ಕೊಡಿ," ಎಂದು ಇನ್ಸ್‌ಪೆಕ್ಟರು ಕೈ ಚಾಚಿದರು.

ಅವಳು ಕೊಟ್ಟಳು. ಎಂಬತ್ತು ಜನ ನುಡಿಸುವ ವಾದ್ಯವೃಂದ ಅದು. ಎಂಬತ್ತು ಜನರ ಮುಂದೆ ಇರುವ ಒಂದೊಂದು ಹಾಳೆಯೂ ಅವಳ ನೆಲಮಾಳಿಗೆಯಿಂದ ಹೋಗಬೇಕು, ನೆಲಮಾಳಿಗೆಗೇ ವಾಪಸು ಬರಬೇಕು. ಹೋದದ್ದು, ಬಂದದ್ದು, ಹರಿದದ್ದು ಎಲ್ಲವೂ ಆ ರಿಜಿಸ್ಟರಿನಲ್ಲಿ ಗಂಟೆ ನಿಮಿಷ ಸಮೇತ ಇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಹಾಳೆ ಕಳೆದಿರಲಿಲ್ಲ, ಒಂದು ಸಾಲು ಸುಳ್ಳಿರಲಿಲ್ಲ. ಊರಲ್ಲಿ ಗಡಿಯಾರ ತಪ್ಪಿದರೂ ಕಾಗದದಕ್ಕನ ರಿಜಿಸ್ಟರು ತಪ್ಪುವುದಿಲ್ಲ ಎಂದು ವಾದ್ಯದವರೆಲ್ಲ ಗೇಲಿ ಮಾಡುತ್ತಿದ್ದರು.

ಇನ್ಸ್‌ಪೆಕ್ಟರು ಬೆರಳಿಟ್ಟು ಓದಿದರು. "ಒಂದೂವರೆಗೆ ನಗಾರಿಯ ಹಾಳೆಗಳು ವಾಪಸು. ಎರಡೂಕಾಲಿನವರೆಗೆ ಹರಿದ ಹಾಳೆ ಅಂಟಿಸಲು ನೆರವು. ಕೆಳಗೆ ಅವನ ಸಹಿ." ತಲೆಯೆತ್ತಿದರು. "ಮೇಷ್ಟ್ರಿಗೆ ಏಟು ಬಿದ್ದಿದ್ದು ಒಂದೂವರೆಗೂ ಎರಡಕ್ಕೂ ಮಧ್ಯೆ ಅಂತಾರೆ ಡಾಕ್ಟರು. ಆ ಹೊತ್ತಲ್ಲಿ ನಿಮ್ಮ ತಮ್ಮ ನಿಮ್ಮ ಹತ್ರ ಇದ್ದ?"

"ಇದ್ದ ಸಾರ್. ಅಲ್ಲಿಂದ ಮೇಲೆ ಹೋದ್ಮೇಲೇ ಅವನು ಮೇಷ್ಟ್ರನ್ನ ನೋಡಿದ್ದು."

"ಮತ್ತೆ ಅವನು ಯಾಕೆ ನಮಗೆ ಹೇಳ್ಲಿಲ್ಲ?"

"ನಿಮ್ಮೋರು ಆ ಥರ ಬಡೀತಿದ್ರೆ ನೆಟ್ಟಗೆ ತನ್ನ ಹೆಸರು ಹೇಳೋಕೂ ಯಾರಿಗೂ ಆಗಲ್ಲ ಸಾರ್."

ಆ ಸಾಲನ್ನು ಅವಳು ಬರೆದದ್ದು ಹಿಂದಿನ ದಿನ. ಸಹಿಯೂ ಅವಳದೇ. ಅಮ್ಮ ಸತ್ತ ವರ್ಷದಿಂದ ಅವನ ಶಾಲೆಯ ಕಾಗದಗಳಿಗೆಲ್ಲ ಅಮ್ಮನ ಸಹಿ ಹಾಕುತ್ತಾ ಬಂದವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ. ನಿಜವಾಗಿ ಆ ಮಧ್ಯಾಹ್ನ ಅವಳು ನೆಲಮಾಳಿಗೆಯಲ್ಲಿ ಒಬ್ಬಳೇ ನಿಂತು ಹಾಡು ಅಭ್ಯಾಸ ಮಾಡುತ್ತಿದ್ದಳು. ಆದರೆ ತಮ್ಮ ಕೊಲೆಗಾರನಲ್ಲ ಎಂಬುದು ನಿಜ ತಾನೆ? ಒಂದು ನಿಜಕ್ಕೆ ಒಂದು ಸುಳ್ಳಿನ ಊರುಗೋಲು ಕೊಟ್ಟರೆ ಏನು ಗಂಟು ಹೋಗುತ್ತದೆ ಎಂದು ರಾತ್ರಿಯಿಡೀ ತನ್ನೊಳಗೇ ವಾದ ಮಾಡಿ, ಎದುರು ವಾದಿಯಿಲ್ಲದ್ದರಿಂದ ಗೆದ್ದಿದ್ದಳು.

"ಒಂದು ವಿಷಯ ಮಾತ್ರ ನಂಗೆ ಹಿಡಿಸ್ತಿಲ್ಲ," ಎಂದರು ಇನ್ಸ್‌ಪೆಕ್ಟರು. "ಹೆಣ ಎತ್ತಿದವನ ಅಂಗಿ ಮೇಲೆ ರಕ್ತ ಬಳಿದಿರುತ್ತೆ. ನಿಮ್ಮ ತಮ್ಮನ ತೋಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹಾರಿದೆ."

"ಜೀವ ಇನ್ನೂ ಇತ್ತಂತೆ ಸಾರ್. ಕೆಮ್ಮಿದ್ರಂತೆ."

ಇದನ್ನೂ ಅವಳೇ ಕಟ್ಟಿದಳು. ಕೂತಲ್ಲೇ, ಕಣ್ಣು ಮಿಟುಕಿಸದೆ. ಸುಳ್ಳಿಗೆ ಕಾಲಿಲ್ಲ ಅಂತಾರೆ, ಆದರೆ ಒಂದು ಸುಳ್ಳು ಹೇಳಿದವರ ನಾಲಿಗೆಗೆ ರೆಕ್ಕೆ ಬರುತ್ತದೆ.

ಇನ್ಸ್‌ಪೆಕ್ಟರು ರಿಜಿಸ್ಟರಿನ ಫೋಟೊ ತೆಗೆದುಕೊಂಡು ಅದನ್ನು ವಾಪಸು ಕೊಟ್ಟರು. ಆಮೇಲೆ ರಕ್ತದ ಪುಸ್ತಕವನ್ನು ಅವಳ ಕಡೆ ತಳ್ಳಿದರು. "ಇದು ನಿಮ್ಮ ಭಂಡಾರದ್ದೇನಾ ಅಂತ ನೋಡಿ ಸಹಿ ಹಾಕಿ. ಮೇಷ್ಟ್ರ ಮೇಜಿನ ಮೇಲೆ ತೆರೆದು ಬಿದ್ದಿತ್ತು."

ಅವಳು ಪುಸ್ತಕ ತೆರೆದಳು. ಇಪ್ಪತ್ತೆರಡು ವರ್ಷದ ಅಭ್ಯಾಸ ರಕ್ತವನ್ನು ಪಕ್ಕಕ್ಕೆ ಸರಿಸಿ ಕಣ್ಣನ್ನು ಹಾಳೆಗೆ ತಂದಿತು.

ದೊಡ್ಡ ಮೇಷ್ಟ್ರು ಅಂಚಿನಲ್ಲಿ ಬರೆಯುವ ಮನುಷ್ಯ. ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಎಂಬುದರ ಜೊತೆಗೆ ಹಲ್ಲಿನ ಡಾಕ್ಟರ ನಂಬರು, ಯಾರು ಶ್ರುತಿ ತಪ್ಪಿದರು, ಯಾರ ಮುಖ ನೋಡಿದರೆ ಆಗುವುದಿಲ್ಲ, ಎಲ್ಲವನ್ನೂ ನೊಟೇಶನ್ ಅಂಚಿನಲ್ಲೇ ಗೀಚುತ್ತಿದ್ದರು. ಅದೂ ನೇಗಿಲು ಹೂಡಿದ ಹಾಗೆ ಒತ್ತಿ. ಕಛೇರಿ ಮುಗಿದ ಮೇಲೆ ಅದನ್ನೆಲ್ಲ ಒರೆಸುವುದು ಕಾಗದದಕ್ಕನ ಪಾಲಿನ ಕರ್ಮ.

ತೆರೆದಿದ್ದ ಪುಟದ ಬಲ ಅಂಚು ಬಿಳುಚಿಕೊಂಡಿತ್ತು. ಯಾರೋ ಅಲ್ಲಿ ಏನನ್ನೋ ಒರೆಸಿದ್ದರು. ಪುಟದ ಮೇಲೆ ಸಿಡಿದಿದ್ದ ರಕ್ತದ ಹನಿಗಳು ಎಲ್ಲೆಡೆ ದುಂಡಗಿದ್ದವು. ಅಲ್ಲಿ ಮಾತ್ರ ಸಣ್ಣ ಸಣ್ಣ ಬಾಲ ಎಳೆದುಕೊಂಡಿದ್ದವು. ರಬ್ಬರಿನ ಚೂರೊಂದು ಕಂದಾಗಿ ಒಣಗಿ ಅಂಟಿತ್ತು. ಅಂದರೆ ಒರೆಸಿದ್ದು ರಕ್ತ ಬಿದ್ದ ಮೇಲೆ. ಮೇಷ್ಟ್ರು ನೆಲದ ಮೇಲೆ ಬಿದ್ದಿರುವಾಗ ಯಾರೋ ನಿಂತುಕೊಂಡು ರಬ್ಬರು ಹಿಡಿದಿದ್ದರು.

ಅವಳ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಬಾಲಗಳೆಲ್ಲ ಒಂದೇ ದಿಕ್ಕಿಗಿದ್ದವು, ಹೊಲಿಗೆಯಿಂದ ಹೊರಕ್ಕೆ.

ಜನ ಸಾಮಾನ್ಯವಾಗಿ ರಬ್ಬರನ್ನು ಹಿಂದೆ ಮುಂದೆ ಉಜ್ಜುತ್ತಾರೆ, ಹಾಳೆ ಮುದುಡುತ್ತದೆ, ಹೊಲಿಗೆಯ ಹತ್ತಿರ ಹರಿಯುತ್ತದೆ. ಎಡಗೈಯಿಂದ ಹೊಲಿಗೆ ಒತ್ತಿ ಹಿಡಿದು, ಕಸ ಗುಡಿಸಿದ ಹಾಗೆ ಒಂದೇ ದಿಕ್ಕಿಗೆ ಹೊರಕ್ಕೆ ಒರೆಸುವುದು ಕಾಗದದಕ್ಕನ ಪದ್ಧತಿ. ಎಂಬತ್ತು ಜನಕ್ಕೆ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು, ಒಬ್ಬರೂ ಕಲಿತಿರಲಿಲ್ಲ. ಕಲಿತವರು ಅವಳ ಮೇಜಿನ ಪಕ್ಕ ಕೂತು ಕೆಲಸ ಮಾಡಿದ ಇಬ್ಬರೇ. ಒಬ್ಬ ತಮ್ಮ. ಇನ್ನೊಬ್ಬರು ಪಿಟೀಲಣ್ಣ, ವಾದ್ಯವೃಂದದ ಮೊದಲ ಕುರ್ಚಿಯ ಪಿಟೀಲುಗಾರರು. ಹಿಂದೊಮ್ಮೆ ಮಣಿಕಟ್ಟು ಮುರಿದಾಗ ಆರು ತಿಂಗಳು ನುಡಿಸಲಾಗದೆ ನೆಲಮಾಳಿಗೆಯಲ್ಲಿ ಕೂತು ಅವಳ ಜೊತೆ ಹಾಳೆ ಒರೆಸಿದ್ದರು.

ಇಬ್ಬರಲ್ಲಿ ಒಬ್ಬ. ತಮ್ಮನ ಹೆಸರು ತೆಗೆದುಹಾಕಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

ಒರೆಸಿದ ಪುಟದ ಹಿಂದೆ ಒಂದು ಬಿಡಿ ಹಾಳೆಯಿತ್ತು. ಒರೆಸಿದ ಪುಟದ ಗೆರೆಗಳು ರಬ್ಬರಿಗೂ ರಕ್ತಕ್ಕೂ ಸಿಕ್ಕಿ ಮಾಸಿದ್ದವು, ಆದರೆ ಮೇಷ್ಟ್ರ ಬರವಣಿಗೆಯ ಒತ್ತು ಅದರ ಮೇಲೂ ಇಳಿದಿರಲೇಬೇಕು. ಫೋನು ಬಡಿದುಕೊಂಡಿತು, ಇನ್ಸ್‌ಪೆಕ್ಟರು ಆ ಕಡೆ ತಿರುಗಿದರು. ಕಾಗದದಕ್ಕ ತನ್ನ ಇಡೀ ವೃತ್ತಿಜೀವನದಲ್ಲಿ ಮೊದಲ ಸಲ ಒಂದು ಹಾಳೆ ಕದ್ದಳು. ರಿಜಿಸ್ಟರಿನೊಳಗೆ ಅದನ್ನು ಸೇರಿಸಿ, ಸಹಿ ಹಾಕಿ, "ನನ್ನ ತಮ್ಮನ್ನ ಬಿಡಿ ಸಾರ್" ಎಂದು ಹೇಳಿ ಎದ್ದಳು.

ಗೋಡೆಯ ಆಚೆ ಸದ್ದು ನಿಂತಿತ್ತು. ನಿಂತದ್ದಕ್ಕೆ ಇನ್ನೂ ಹೆಚ್ಚು ಭಯವಾಯಿತು.

*

ನೆಲಮಾಳಿಗೆಗೆ ಕಿಟಕಿಯಿಲ್ಲ. ಹಳಿಗಳ ಮೇಲೆ ನಿಂತ ಒಂಬತ್ತು ಕಬ್ಬಿಣದ ಕಪಾಟುಗಳು, ಒಂದೊಂದೂ ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು. ಜಾಗ ಉಳಿಸಲು ಅವನ್ನೆಲ್ಲ ಒತ್ತಾಗಿ ಸೇರಿಸಿಟ್ಟಿರುತ್ತಾರೆ. ಕಪಾಟಿನ ಮುಂದಿನ ತುದಿಯಲ್ಲಿ ಲಾರಿಯ ಸ್ಟೇರಿಂಗಿನಂಥ ಚಕ್ರ. ತಿರುಗಿಸಿದರೆ ಕಪಾಟು ಸರಿದು ಒಬ್ಬರು ನಡೆಯುವಷ್ಟು ಸಂದಿ ಬಿಡುತ್ತದೆ. ಎರಡು ಬೆರಳಲ್ಲಿ ತಿರುಗಿಸಬಹುದು, ಸರಿಯುವುದು ಮಾತ್ರ ಒಂದು ಟನ್ನು ಕಾಗದ. ಸಂದಿಯ ಹಿಂದಿನ ತುದಿಯಲ್ಲಿ ಗೋಡೆಗೂ ಕಪಾಟಿಗೂ ನಡುವೆ ಏಣಿ ಸರಿಸಲು ಬಿಟ್ಟ ಇಕ್ಕಟ್ಟು ದಾರಿ.

ಅವಳು ಈ ಊರಿನ ವಾದ್ಯವೃಂದಕ್ಕೆ ಬಂದದ್ದು ಹಾಡಲು. ಮೂರು ಸಲ ಪರೀಕ್ಷೆಗೆ ನಿಂತಳು, ಮೂರು ಸಲವೂ "ಧ್ವನಿ ಚೆನ್ನಾಗಿದೆ, ಜಾಗ ಇಲ್ಲ" ಅಂದರು. ನಾಲ್ಕನೆಯ ಸಲ ದೊಡ್ಡ ಮೇಷ್ಟ್ರು "ನೆಲಮಾಳಿಗೇಲಿ ಜಾಗ ಇದೆ" ಅಂದರು. ಹೊಟ್ಟೆಪಾಡು, ಜೊತೆಗೆ ಓದುವ ತಮ್ಮ, ಹೂಂ ಅಂದಳು. ಹಗಲೆಲ್ಲ ಧೂಳು, ಸಂಜೆ ಗಾಯನವೃಂದದ ಕೊನೆಯ ಸಾಲಿನಲ್ಲಿ ಕಂಬದ ಮರೆಯಲ್ಲಿ ಒಂದು ಜಾಗ. ಅಂತೂ ಎರಡು ತಿಂಗಳ ಹಿಂದೆ ಮೇಷ್ಟ್ರು ಮೆಟ್ಟಿಲಿಳಿದು ಬಂದು, ಈ ಸಲದ ಕಛೇರಿಯಲ್ಲಿ ಒಂಟಿ ಹಾಡು ನೀನೇ ಹಾಡು ಎಂದಿದ್ದರು. ಅವರು ಹತ್ತಿ ಹೋದ ಮೇಲೆ ಅವಳು ಏಳನೆಯ ಕಪಾಟಿಗೆ ಹಣೆಯಿಟ್ಟು ಅತ್ತಿದ್ದಳು. ಸುದ್ದಿ ಕೇಳಿ ತಮ್ಮ ಅವಳನ್ನು ಎತ್ತಿಕೊಂಡು ಮೂರು ಸುತ್ತು ತಿರುಗಿಸಿದ್ದ. ನಲವತ್ತಾರು ವರ್ಷದ ಹೆಂಗಸನ್ನು!

ಈಗ ಮೇಲಿನ ಸಭಾಂಗಣದಲ್ಲಿ ಅಭ್ಯಾಸ ನಡೆಯುತ್ತಿತ್ತು. ಸತ್ತವರಿಗೆ ಎರಡು ನಿಮಿಷ ಮೌನ, ಟಿಕೆಟ್ಟು ಕೊಂಡವರಿಗೆ ಎರಡು ಗಂಟೆ ಕಛೇರಿ; ಲೋಕ ನಡೆಯುವುದೇ ಹಾಗೆ. ಗಾಳಿ ಕೊಳವೆಯಿಂದ ತುತ್ತೂರಿಗಳೂ, ಬಾಡಿಗೆಗೆ ಕರೆಸಿದ ನಗಾರಿಯವನ ಮೊಂಡು ಹೊಡೆತವೂ ಇಳಿದು ಬರುತ್ತಿದ್ದವು.

ಅವಳು ದೀಪ ಆರಿಸಿದಳು. ಕದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಹಾಳೆಯ ಮಟ್ಟಕ್ಕೇ ಇಳಿಸಿ ಓರೆಯಾಗಿ ಬೆಳಕು ಬಿಟ್ಟಳು. ಒತ್ತಿನ ಗೆರೆಗಳು ನೆರಳಾಗಿ ಎದ್ದವು. ಎರಡು ಸಾಲು. ಮೊದಲನೆಯದು ಸ್ಪಷ್ಟವಾಗಿತ್ತು.

ಮೊದಲ ಕುರ್ಚಿ: ಈ ಕಛೇರಿ ಆದ ಮೇಲೆ ಬೇಡ. ಮಣಿಕಟ್ಟು ಹೋಗಿದೆ.

"ಅಯ್ಯೋ ಅಣ್ಣಾ," ಎಂದಳು ಕತ್ತಲಲ್ಲಿ. ಖುಷಿಯಾಯಿತು, ಸಂಕಟವಾಯಿತು, ಎರಡೂ ಒಟ್ಟಿಗೆ. ತಮ್ಮ ಉಳಿದ. ಆದರೆ ಆರು ತಿಂಗಳು ತನ್ನ ಫ್ಲಾಸ್ಕಿನ ಚಹಾ ಹಂಚಿಕೊಂಡು ಕುಡಿದ ಮನುಷ್ಯ ಹೋದ.

ಎರಡನೆಯ ಸಾಲಿಗೆ ಟಾರ್ಚು ತಿರುಗಿಸುವಷ್ಟರಲ್ಲಿ ದೀಪ ಹತ್ತಿತು.

ಬಾಗಿಲ ಹತ್ತಿರ ಪಿಟೀಲಣ್ಣ ನಿಂತಿದ್ದರು. ಬಾಗಿಲು ಮುಚ್ಚಿ, ಒಳಗಿನ ಗುಬುಟು ತಿರುಗಿಸಿ ಬೀಗ ಹಾಕಿದರು.

"ಮೇಲೆ ಅಭ್ಯಾಸ ನಡೀತಿದೆಯಲ್ಲ ಅಣ್ಣಾ," ಎಂದಳು, ಹಾಳೆಯನ್ನು ರವಿಕೆಯೊಳಗೆ ತುರುಕುತ್ತ.

"ಇನ್ಸ್‌ಪೆಕ್ಟರು ಕರೆಸಿದ್ರು. ನಿನ್ನ ಬೆನ್ನಿಗೇ ಹೋದೆ." ಅವರ ಮುಖ ಬೆವರಿನಿಂದ ಹೊಳೆಯುತ್ತಿತ್ತು. "ಆ ಪುಸ್ತಕ ನಂಗೂ ತೋರಿಸಿದ್ರು. ಒಂಟಿ ಹಾಡಿನ ಬಿಡಿ ಹಾಳೆ ಅದರಲ್ಲಿರಲಿಲ್ಲ. ಪೊಲೀಸ್ರಿಗೆ ಗೊತ್ತಾಗಲಿಲ್ಲ. ನಂಗೆ ಗೊತ್ತಾಗಲ್ವಾ?"

"ಯಾವ ಹಾಳೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಎದೆ ಮೇಲಿಂದ ಕೈ ತೆಗಿ ಮೊದ್ಲು." ಒಂದು ಹೆಜ್ಜೆ ಮುಂದೆ ಬಂದರು. "ನಿನ್ನ ತಮ್ಮನ್ನ ಬಿಡ್ತಿದ್ದಾರೆ. ನಿನ್ನ ರಿಜಿಸ್ಟರು ನಂಬಿದ್ರು. ಅವನಲ್ಲ ಅಂದ್ಮೇಲೆ ಇನ್ನೊಬ್ಬನ್ನ ಹುಡುಕ್ತಾರೆ. ಅದು ನಾನಾಗಬಾರದು. ಕೊಡು."

ಬಿಡುತ್ತಿದ್ದಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕಣ್ಣು ತುಂಬಿತು. ಅದೇ ತಪ್ಪಾಯಿತು. ಕಣ್ಣು ಮಂಜಾದ ಆ ಗಳಿಗೆಯಲ್ಲಿ ಪಿಟೀಲಣ್ಣ ಅವಳ ಜಡೆ ಹಿಡಿದು ತಲೆಯನ್ನು ಕಪಾಟಿನ ಅಂಚಿಗೆ ಅಪ್ಪಳಿಸಿದ.

ಹಣೆ ಒಡೆಯಿತು. ಬಿಸಿ ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಅವನು ಎರಡನೆಯ ಸಲ ಅಪ್ಪಳಿಸಿದ, ಆಮೇಲೆ ಗೋಡೆಗೆ ಒತ್ತಿ ಎರಡು ಕೈಯಲ್ಲೂ ಗಂಟಲು ಹಿಡಿದ. ಪಿಟೀಲುಗಾರನ ಬೆರಳು, ಎಲ್ಲಿ ಒತ್ತಿದರೆ ಸ್ವರ ನಿಲ್ಲುತ್ತದೆಂದು ಬಲ್ಲ ಬೆರಳು. ಅವಳ ಬಾಯಿಂದ ಗೊರ ಗೊರ ಸದ್ದು ಮಾತ್ರ ಬಂತು. ಮೇಲೆ ನಗಾರಿ ಗುಡುಗುತ್ತಿತ್ತು, ಕಿರುಚಿದರೂ ಕೇಳುವವರಿರಲಿಲ್ಲ.

"ಕೊಡು ಅಂದೆ. ಕೊಟ್ಟಿದ್ರೆ ಹೊರಟುಹೋಗ್ತಿದ್ದೆ," ಎನ್ನುತ್ತ ಅವನು ಅಳುತ್ತಿದ್ದ. ಅಳುತ್ತಲೇ ಇನ್ನೂ ಬಿಗಿ ಮಾಡಿದ.

ಕಾಗದದಕ್ಕ ತಲೆ ತಿರುಚಿ ಅವನ ಮಣಿಕಟ್ಟಿಗೆ ಬಾಯಿ ಹಾಕಿದಳು. ಹಿಂದೆ ಮುರಿದಿದ್ದ ಅದೇ ಮಣಿಕಟ್ಟು. ಹಲ್ಲು ಮೂಳೆ ಮುಟ್ಟುವವರೆಗೆ ಕಚ್ಚಿದಳು, ನಾಲಿಗೆಗೆ ಉಪ್ಪು ತಾಗಿತು. ಅವನು ಊಳಿಟ್ಟು ಕೈ ಬಿಟ್ಟ. ಬಾಗಿಲ ಕಡೆ ದಾರಿ ಅವನದೇ. ಅವಳಿಗಿದ್ದದ್ದು ಐದು ಮತ್ತು ಆರನೆಯ ಕಪಾಟಿನ ನಡುವೆ ತೆರೆದಿದ್ದ ಸಂದಿ ಒಂದೇ. ನುಗ್ಗಿದಳು. ನಡುವೆ ಕಾಲು ತೊಡರಿ, ಗೋಡೆಯ ಕಡೆ ತಲುಪುವ ಮೊದಲೇ ಬಿದ್ದಳು.

ಏಳುವಾಗ ಆ ಸದ್ದು ಕೇಳಿತು. ಹಳಿಯ ಮೇಲೆ ಗಾಲಿ ಉರುಳುವ ಕಿರ್ ಕಿರ್. ದಿನಕ್ಕೆ ಐವತ್ತು ಸಲ ಕೇಳುವ ಸದ್ದು. ಹೊರಗೆ ನಿಂತು ಅವನು ಚಕ್ರ ತಿರುಗಿಸುತ್ತಿದ್ದ.

ಐದನೆಯ ಕಪಾಟು ಬಂದು ಬೆನ್ನಿಗೆ ತಾಗಿತು. ಎದೆ ಆರನೆಯದಕ್ಕೆ ಒತ್ತಿತು. ಇನ್ನೊಂದು ಸುತ್ತು. ಪಕ್ಕೆಲುಬು ಕಟಕಟ ಎಂದವು.

ಹೆದರಿದವರು ಆಗ ಉಸಿರು ಬಿಡುತ್ತಾರೆ. ಬಿಟ್ಟಷ್ಟೂ ಎದೆ ಕುಗ್ಗುತ್ತದೆ, ಕುಗ್ಗಿದಷ್ಟೂ ಕಬ್ಬಿಣ ಮುಂದೆ ಬರುತ್ತದೆ, ಮತ್ತೆ ಉಸಿರೆಳೆಯಲು ಜಾಗವಿರುವುದಿಲ್ಲ. ಆದರೆ ಇವಳು ಹಾಡುವವಳು. ಮೂವತ್ತು ವರ್ಷದಿಂದ ದಿನವೂ ಬೆಳಿಗ್ಗೆ ಮಾಡಿದ್ದು ಅದೊಂದೇ ಕೆಲಸ, ಪಕ್ಕೆಲುಬನ್ನು ಹೊರಕ್ಕೆ ಅಗಲಿಸಿ, ಉಸಿರು ತುಂಬಿ, ಹಾಗೇ ಹಿಡಿದು ನಿಲ್ಲುವುದು. ಹೊಟ್ಟೆಯ ಬುಡದಿಂದ ಉಸಿರೆಳೆದಳು. ಎದೆಯನ್ನು ಪೀಪಾಯಿ ಮಾಡಿ ನಿಂತಳು. ಕಬ್ಬಿಣ ಒತ್ತಿತು, ಏನೋ ಒಂದು ಎಲುಬು ಸೀಳಿತು, ಕಣ್ಣ ಮುಂದೆ ಕಪ್ಪಾಯಿತು, ಅವಳು ಬಿಡಲಿಲ್ಲ.

ಚಕ್ರ ನಿಂತಿತು. ಇನ್ನು ಸರಿಯುವುದಿಲ್ಲ ಎಂದುಕೊಂಡ ಅವನು. ಸಂದಿಯೊಳಗೆ ಇಣುಕಿ, "ಸತ್ತೋದ್ಯಾ?" ಎಂದು ಕೇಳಿದ. ಎಂಥ ಪ್ರಶ್ನೆ! ಹೂಂ ಅನ್ನಬೇಕಿತ್ತೇನೋ.

ಅವಳು ಇದ್ದ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟಳು. ಎದೆ ಇಳಿಯಿತು, ಎರಡು ಬೆರಳು ಜಾಗ ಸಿಕ್ಕಿತು. ಕೆನ್ನೆಯ ಚರ್ಮ, ಭುಜದ ಬಟ್ಟೆ ಕಬ್ಬಿಣಕ್ಕೆ ಕೊಟ್ಟು ಅಡ್ಡಡ್ಡ ಸರಿಯುತ್ತ ಹಿಂದಿನ ತುದಿಗೆ ಬಂದು ಬಿದ್ದಳು.

"ಏಯ್!" ಅವನು ಚಕ್ರವನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿ ಸಂದಿಯೊಳಗೆ ತೂರಿದ. ಅವಳು ಗೋಡೆ ಹಿಡಿದು ಇಕ್ಕಟ್ಟು ದಾರಿಯಲ್ಲಿ ಓಡಿದಳು. ಆರು, ಏಳು, ಎಂಟು, ಒಂಬತ್ತು. ಕೊನೆಯ ಕಪಾಟು ಸುತ್ತಿ ಮುಂದಕ್ಕೆ ಬಂದಾಗ ಅವನಿನ್ನೂ ದಪ್ಪ ಹೊಟ್ಟೆ ಎಳೆದುಕೊಂಡು ಸಂದಿಯ ನಡುವೆ ಇದ್ದ. ಈಗ ಅವನು ಒಳಗೆ, ಅವಳು ಹೊರಗೆ.

ಚಕ್ರ ಹಿಡಿದಳು. ಎರಡು ಬೆರಳಲ್ಲಿ ಅಲ್ಲ, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದಳು.

ಕಬ್ಬು ಗಾಣಕ್ಕೆ ಸಿಕ್ಕ ಹಾಗೆ ಸದ್ದಾಯಿತು. ಕಪಾಟು ತಡೆಯಲು ಅವನು ಚಾಚಿದ್ದ ಎಡ ಮುಂಗೈ ಎರಡು ಕಬ್ಬಿಣದ ಕಂಬಗಳ ನಡುವೆ ನುಜ್ಜಾಗಿತ್ತು. ತಂತಿಯ ಮೇಲೆ ಓಡಾಡಿದ ನಾಲ್ಕು ಬೆರಳು ನಾಲ್ಕು ದಿಕ್ಕಿಗೆ ತಿರುಗಿದ್ದವು. ಅವನು ಕಿರುಚಿದ ಕಿರುಚಾಟ ಮೇಲಿನ ನಗಾರಿಯನ್ನೂ ಮೀರಿಸಿತು, ಆದರೂ ಯಾರೂ ಬರಲಿಲ್ಲ.

"ಬಿಡು! ಬಿಡು ತಾಯಿ, ಕೈ ಹೋಯ್ತು!"

"ಮೇಷ್ಟ್ರ ತಲೆ ಒಡೆಯೋವಾಗ ಈ ಕೈ ಇತ್ತಲ್ಲ?" ನೀವು ಎಂಬುದು ಅವಳ ಬಾಯಿಂದ ಆಗಲೇ ಹೋಗಿತ್ತು. "ಬಾಯಿಬಿಟ್ಟು ಹೇಳು, ನೀನೇ ಕೊಂದಿದ್ದು ಅಂತ. ನನ್ನ ತಮ್ಮನ ಮೈ ಮೇಲೆ ಬಿದ್ದ ಒಂದೊಂದು ಏಟೂ ನಿಂದು."

"ಒರೆಸಿದ್ದು ನಾನು. ಕೊಂದಿದ್ದು ನಾನಲ್ಲ."

ಚಕ್ರ ಕಾಲು ಸುತ್ತು ತಿರುಗಿತು. ಅವನು ಮತ್ತೆ ಕಿರುಚಿದ.

"ನಿಜ ಹೇಳ್ತಿದ್ದೀನಿ ಕಣೇ! ಮೇಷ್ಟ್ರ ಹತ್ರ ನನ್ನ ಕುರ್ಚಿ ವಿಷಯ ಮಾತಾಡೋಕೆ ಹೋಗಿದ್ದೆ. ಬಾಗಿಲು ಸ್ವಲ್ಪ ತೆರೆದಿತ್ತು. ಸ್ಟ್ಯಾಂಡು ಮೇಲೇಳ್ತಿತ್ತು, ಇಳೀತಿತ್ತು. ತಾಳ ಹಾಕಿದ ಹಾಗೆ, ಒಂದೇ ಸಮ. ಅವನು ಬಚ್ಚಲಿಗೆ ಕೈ ತೊಳೆಯೋಕೆ ಹೋದಾಗ ಒಳಗೆ ಹೋದೆ. ಪುಸ್ತಕದಲ್ಲಿ ನನ್ನ ಸುದ್ದಿ ಕಂಡಿತು. ಇದನ್ನ ನೋಡಿದ್ರೆ ನನ್ನೇ ಹಿಡೀತಾರೆ ಅಂತ ಅವಸರದಲ್ಲಿ ಆ ಅಂಚನ್ನೆಲ್ಲ ಒರೆಸ್ದೆ, ಓಡಿಹೋದೆ. ಅಷ್ಟೇ."

"ಯಾರವನು?"

ಅವನ ಹಲ್ಲು ಕಟಕಟಿಸುತ್ತಿತ್ತು. "ನಾನು ಒರೆಸಿದ್ದು ಎರಡು ಸಾಲು," ಎಂದ ಕೊನೆಗೆ. "ಎರಡನೇದು ಓದಿದ್ಯಾ?"

ಎಡಗೈ ಚಕ್ರದ ಮೇಲೇ ಇತ್ತು. ಬಲಗೈಯಿಂದ ಅವಳು ರವಿಕೆಯೊಳಗಿನ ಹಾಳೆ ಎಳೆದಳು. ಮುದುಡಿತ್ತು, ಒಂದು ಮೂಲೆಗೆ ಅವಳದೇ ರಕ್ತ ತಾಗಿತ್ತು. ದೀಪದ ಕೆಳಗೆ ಓರೆಯಾಗಿ ಹಿಡಿದಳು. ಗೆರೆಗಳು ಮೆಲ್ಲಗೆ ಎದ್ದು ಬಂದವು.

ಒಂಟಿ ಹಾಡು: ಕಾಗದದಕ್ಕ ಬೇಡ. ಹೊರಗಿಂದ ಕರೆಸುವುದು. ಅವಳಿಗೆ ಹೇಳಲು ತಮ್ಮನಿಗೆ ಹೇಳುವುದು, ಮಧ್ಯಾಹ್ನ ಒಂದೂವರೆ.

ಮೂರು ಸಲ ಓದಿದಳು. ಮೊದಲ ಸಲ ಹಾಡು ಹೋದದ್ದಕ್ಕೆ ನೋವಾಯಿತು. ಅದೊಂದು ನೋವು ಅವಳನ್ನು ಇನ್ನೂ ಒಂದು ಗಳಿಗೆ ಕಾಪಾಡಿತು. ಮೂರನೆಯ ಸಲ ಕೊನೆಯ ಎರಡು ಪದ ಮಾತ್ರ ಕಂಡಿತು.

"ಸುಳ್ಳು," ಎಂದಳು.

"ನನ್ನ ಅಮ್ಮನಾಣೆ. ಅಕ್ಕ ಇಪ್ಪತ್ತೆರಡು ವರ್ಷ ಕಾದಿದ್ದಾಳೆ, ಅಕ್ಕ ಇಪ್ಪತ್ತೆರಡು ವರ್ಷ ಕಾದಿದ್ದಾಳೆ... ಒಂದೊಂದು ಏಟಿಗೂ ಅದನ್ನೇ ಹೇಳ್ತಿದ್ದ. ನಾನು ಹೋಗೋವಾಗ ಅವನು ಬಚ್ಚಲ ಬಾಗಿಲಿಗೆ ಬಂದ. ನನ್ನ ನೋಡಿದ. ನಕ್ಕ. ಅವನು ಒಳಗಿದ್ದಷ್ಟು ದಿನ ನಂಗೆ ನಿದ್ದೆ ಬರ್ತಿತ್ತು."

"ಸುಳ್ಳು! ಜೀವ ಉಳಿಸ್ಕೊಳ್ಳೋಕೆ ಏನು ಬೇಕಾದ್ರೂ ಬೊಗಳ್ತೀಯ ನೀನು."

ಅವಳ ಕೈ ಚಕ್ರವನ್ನು ಒತ್ತಿತು. ಇನ್ನೊಂದು ಸುತ್ತು ಸಾಕು. ಈ ಬಾಯಿ ಮುಚ್ಚಿದರೆ, ಈ ಹಾಳೆ ಹರಿದರೆ, ಜಗತ್ತಿನಲ್ಲಿ ಉಳಿಯುವುದು ಅವಳ ರಿಜಿಸ್ಟರಿನ ಸಾಲೊಂದೇ. ಆ ಯೋಚನೆ ತನ್ನದೇ ಎಂದು ಗೊತ್ತಾಗಿ ಅವಳಿಗೆ ಮೈ ಜುಂ ಎಂದಿತು.

ಆಗ ಬಾಗಿಲು ತಟ್ಟಿದ ಸದ್ದಾಯಿತು.

"ಅಕ್ಕಾ?"

ತಮ್ಮನ ಧ್ವನಿ. ತುಟಿ ಊದಿಕೊಂಡಿದ್ದರಿಂದ ತೊದಲು. ಅವಳ ಜೀವವೆಲ್ಲ ಬಾಗಿಲಿಗೆ ಹಾರಿತು. ಬದುಕಿದ್ದಾನೆ, ಬಂದಿದ್ದಾನೆ, ಅಕ್ಕಾ ಅಂತಿದ್ದಾನೆ. "ಬಂದೆ ಕಣೋ" ಎನ್ನಲು ಬಾಯಿ ತೆರೆದಳು.

ಸಂದಿಯೊಳಗಿಂದ ಬಿಸಿಯುಸಿರಿನ ಪಿಸುಮಾತು ಬಂತು. "ಮುಚ್ಚು."

ತಿರುಗಿ ನೋಡಿದಳು. ಕೈ ಬಿಡು ಎಂದು ಇಷ್ಟು ಹೊತ್ತು ಗೋಗರೆಯುತ್ತಿದ್ದ ಮನುಷ್ಯ, ಜಜ್ಜಿದ ಕೈ ಹಾಗೇ ಸಿಕ್ಕಿಕೊಂಡಿದ್ದರೂ ಮೈಯನ್ನು ಇನ್ನಷ್ಟು ಒಳಕ್ಕೆ, ಕತ್ತಲಿನ ಕಡೆಗೆ ಎಳೆದುಕೊಳ್ಳುತ್ತಿದ್ದ. ಮೂಳೆ ಕಟಕಟಿಸುವುದು ಕೇಳುತ್ತಿತ್ತು. ಅವನು ಕಿರುಚುತ್ತಿರಲಿಲ್ಲ. ಬಲಗೈಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಿದ್ದ.

"ತಾಯಿ, ಚಕ್ರ ತಿರುಗಿಸು," ಎಂದ ಬೆರಳ ಸಂದಿಯಿಂದ. "ಪೂರ್ತಿ ಮುಚ್ಚಿಬಿಡು. ನಾನು ಇಲ್ಲಿರೋದು ಅವನಿಗೆ ಕಾಣಬಾರದು."

ಸುಳ್ಳು ಹೇಳುವವರ ಮುಖ ಹೇಗಿರುತ್ತದೆಂದು ಬೆಳಗಿನಿಂದ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಇದು ಆ ಮುಖವಾಗಿರಲಿಲ್ಲ.

"ಅಕ್ಕಾ, ಯಾರ ಜೊತೆ ಮಾತಾಡ್ತಿದ್ದೀಯ?"

"ಯಾರೂ ಇಲ್ಲ ಕಣೋ." ಹರಿದ ಗಂಟಲಿನಿಂದ ಬಂದ ಸ್ವರ ಅವಳಿಗೇ ಗುರುತು ಸಿಗಲಿಲ್ಲ. "ನಾನೊಬ್ಬಳೇ. ಇನ್ಸ್‌ಪೆಕ್ಟರು ಜೊತೇಲಿದ್ದಾರಾ?"

"ಇಲ್ಲ. ಬಿಟ್ಟು ಹೋದ್ರು." ಮೇಲಿನ ಅಭ್ಯಾಸ ಅಷ್ಟರಲ್ಲೇ ನಿಂತಿತು, ನೆಲಮಾಳಿಗೆಯಲ್ಲಿ ಮೂರು ಜನರ ಉಸಿರು ಮಾತ್ರ ಉಳಿಯಿತು. "ಪಿಟೀಲಣ್ಣ ಸಭಾಂಗಣದಲ್ಲಿ ಇರಲಿಲ್ಲ ಅಕ್ಕಾ. ಮೆಟ್ಟಿಲ ಹತ್ರ ಅವರ ಪೆಟ್ಟಿಗೆ ಬಿದ್ದಿದೆ. ಬಾಗಿಲು ತೆಗಿ."

ಅವಳು ಕದಲಲಿಲ್ಲ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಮ್ಮ ಬಾಗಿಲಾಚೆ ನಿಂತಿದ್ದಾನೆ. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಅವನನ್ನು ಕಂಡರೆ ಭಯವಾಯಿತು.

"ಬೇಡ ಬಿಡು, ನೀನು ಏಳಬೇಡ," ಎಂದ ತಮ್ಮ ಪ್ರೀತಿಯಿಂದ. "ನನ್ನ ಹತ್ರ ಕೀಲಿ ಇದೆಯಲ್ಲ."

ಬೀಗದೊಳಗೆ ಕೀಲಿ ತಿರುಗಿತು.